ಮರ್ಮಾಂಗದ ಗಾಯಗಳೂ ಈಚಿನ ಶಸ್ತ್ರಚಿಕಿತ್ಸೆಯೂ

(ಹರಿಶ್ಚಂದ್ರ ಘಾಟಿನ ಬಳಿಯ ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಮಾನ್ಯವಾಗಿ ಪುರಾಣ, ಕಾವ್ಯ, ಯಾತ್ರೆ ಇವುಗಳ ಮೇಲೆ ಭಾಷಣಗಳು ನಡೆಯುವುದು ವಾಡಿಕೆ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು. ಓದಿದ್ದು ಮೆಟ್ರಿಕ್ಯುಲೇಷನ್ನಿನವರೆಗೆ ಮಾತ್ರ. ವೈದ್ಯರಲ್ಲ, ಪಂಡಿತರಲ್ಲ. ಆದರೂ ಇಂದು ವೈದ್ಯ ವಿಷಯವನ್ನು, ಅದರಲ್ಲಿಯೂ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ವಿಷಯವನ್ನು ಎತ್ತಿಕೊಂಡಿದ್ದೇವೆ. ಗಂಡಸರ ಮರ್ಮಾಂಗಕ್ಕೆ ಅಪಘಾತದಿಂದ ಆಗುವ ಗಾಯಗಳು, ಅವುಗಳಿಗೆ ಈಗ ಬಂದಿರುವ ಶಸ್ತ್ರಚಿಕಿತ್ಸೆ, ಇವೇ ಆ ವಿಷಯ. ಮಾತು ಒರಟಾದರೆ ಕ್ಷಮಿಸಬೇಕೆಂದು ಮೊದಲೇ ಬೇಡಿಕೊಳ್ಳುತ್ತೇವೆ.

ಈ ವಿಷಯವನ್ನು ಏಕೆ ಆರಿಸಿಕೊಂಡಿರೆಂದು ತಾವು ಕೇಳಬಹುದು. ನಾವು ಕುಳಿತಿರುವ ಸ್ಥಳವೇ ಅರ್ಧ ಉತ್ತರ ಕೊಡುತ್ತದೆ. ಇಲ್ಲಿಂದ ನಾಲ್ಕು ಹೆಜ್ಜೆಯ ಮೇಲೆ ಹರಿಶ್ಚಂದ್ರ ಘಾಟು. ನಮ್ಮ ರಾಘವಾಂಕನು ಯಾರ ಕಥೆಯನ್ನು ಷಟ್ಪದಿಯಲ್ಲಿ ಹಾಡಿದನೋ ಆ ದೊರೆ ಸುಡುಗಾಡು ಕಾದ ಸ್ಥಳ ಇದೆಂದು ನಂಬಿಕೆ. ಸುಳ್ಳಾಡಲಾರೆನೆಂದು ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಂಡವನ ಹೆಸರಿನ ಕೇರಿಯಲ್ಲಿ ವಾಸಿಸುತ್ತಾ ನಾವು ಒಂದು ಸುಳ್ಳನ್ನು ಬರೆದೆವು. ಅದೂ ನಾಚಿಕೆಯ ದೆಸೆಯಿಂದ. ಉತ್ತರದ ಇನ್ನರ್ಧ ಅದೇ.

ಕೆಲವು ವರ್ಷಗಳ ಹಿಂದಿನ ಮಾತು. ನಾವು ಕೆಲಸಮಾಡುತ್ತಿದ್ದ ಗಿರಣಿಯಲ್ಲಿ ಬೆಲ್ಟಿಗೆ ಮೇಣ ಹಚ್ಚುತ್ತಿದ್ದ ಒಬ್ಬ ಕೂಲಿಯ ಲುಂಗಿಯ ಚುಂಗು ತಿರುಗುವ ಶಾಫ್ಟಿಗೆ ಸಿಕ್ಕಿಕೊಂಡಿತು. ಯಂತ್ರ ಬಟ್ಟೆಯನ್ನು ಸುತ್ತಿಕೊಂಡಿತು; ಬಟ್ಟೆಯ ಜತೆಗೆ ಚರ್ಮವನ್ನೂ ಎಳೆದುಕೊಂಡಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ತೊಡೆಯ ಸಂದಿಯಿಂದ ವೃಷಣದ ಚೀಲದವರೆಗೆ ಚರ್ಮ ಸುಲಿದು ಹೋಯಿತು. ಅಪಘಾತದ ಪುಸ್ತಕವನ್ನು ಬರೆಯುವ ಕೆಲಸ ನಮ್ಮದು. ಆತ ಹಲ್ಲು ಕಚ್ಚಿಕೊಂಡು, 'ಬಾಬೂಜಿ, ತೊಡೆಗೆ ಪೆಟ್ಟಾಯಿತು ಅಂತ ಬರೆದುಬಿಡಿ. ಇನ್ನೇನೂ ಬರೆಯಬೇಡಿ. ಕೇರಿಯಲ್ಲಿ ಮುಖ ಎತ್ತಲಾರೆ' ಎಂದನು. ನಾವು ಹಾಗೆಯೇ ಬರೆದೆವು. ಅವನ ಮಾನ ಉಳಿಸಿದೆವೆಂದು ಒಳಗೊಳಗೇ ಸಮಾಧಾನಪಟ್ಟುಕೊಂಡೆವು.

ಆತ ಆಸ್ಪತ್ರೆಗೆ ಹೋಗಲಿಲ್ಲ. ಮನೆಯಲ್ಲಿ ಅರಿಶಿನ ಹಚ್ಚಿಕೊಂಡು ಮಲಗಿದನು. ಮೂರನೆಯ ದಿನ ಜ್ವರ ಏರಿ, ಗಾಯ ನಾತ ಹಿಡಿದ ಮೇಲೆ ಅವನ ಹೆಂಡತಿ ನಮ್ಮಲ್ಲಿಗೆ ಓಡಿಬಂದಳು. ಅವನ ಕಥೆ ಮುಂದೆ ಏನಾಯಿತೆಂಬುದನ್ನು ಕಡೆಗೆ ಹೇಳುತ್ತೇವೆ. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆವು, ತಿಳಿದವರನ್ನು ಕೇಳಿದೆವು. ಹಾಗೆ ತಿಳಿದುದನ್ನು ಇಲ್ಲಿ ತಮ್ಮ ಮುಂದಿಡುತ್ತೇವೆ.

ಮೊದಲು ನಮ್ಮ ಕಾಶಿಯ ಮಾತು. ಸುಶ್ರುತ ಸಂಹಿತೆಯೆಂಬ ಗ್ರಂಥದಲ್ಲಿ ಶಸ್ತ್ರವಿದ್ಯೆಯನ್ನು ಬೋಧಿಸುವವನು ಧನ್ವಂತರಿಯ ಅವತಾರವೆನಿಸಿದ ಕಾಶೀರಾಜ ದಿವೋದಾಸ, ಕೇಳುವವನು ಸುಶ್ರುತ. ಹರಿದ ಕಿವಿಯನ್ನು ಜೋಡಿಸಲು ಹದಿನೈದು ಬಗೆಗಳನ್ನು ಈ ಗ್ರಂಥ ಹೇಳುತ್ತದೆ. ಕೊಯ್ದುಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮವನ್ನೂ ಹೇಳುತ್ತದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಳ್ಳಬೇಕು; ಅದೇ ಅಳತೆಗೆ ಕೆನ್ನೆಯ ಚರ್ಮವನ್ನು ಬಿಡಿಸಬೇಕು; ಆದರೆ ಒಂದು ಕಡೆ ಅಂಟಿಕೊಂಡಿರುವಂತೆಯೇ ಬಿಡಬೇಕು; ಆಮೇಲೆ ಮೂಗಿನ ಜಾಗಕ್ಕೆ ತಂದು ಹೊಲಿದು, ಉಸಿರಾಡಲು ಎರಡು ಕೊಳವೆಗಳನ್ನು ಇಡಬೇಕು. ಆ 'ಒಂದು ಕಡೆ ಅಂಟಿಕೊಂಡಿರುವಂತೆ' ಎಂಬ ಮಾತಿನಲ್ಲಿ ಇಡೀ ವಿದ್ಯೆಯ ಮರ್ಮವಿದೆ. ಎಲೆ ಬದುಕಲು ತೊಟ್ಟು ಬೇಕು. ಚರ್ಮ ಬದುಕಲು ರಕ್ತ ಹರಿಯುವ ತೊಟ್ಟು ಬೇಕು.

ಈ ವಿದ್ಯೆ ಪಶ್ಚಿಮಕ್ಕೆ ಹೋದ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಟಿಪ್ಪುವಿನೊಂದಿಗೆ ೧೭೯೨ರಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುವವನಾಗಿದ್ದ ಕಾವಸಜಿ ಎಂಬಾತ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವವರ ಜಾತಿಯ ಒಬ್ಬಾತ, ಯಾವ ಕಾಲೇಜಿನ ಮುಖವನ್ನೂ ಕಾಣದವನು, ಅವನ ಹಣೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟಿಕೊಟ್ಟನು. ಈ ಸಮಾಚಾರ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ೧೭೯೪ರ ಅಕ್ಟೋಬರಿನಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮಾಡಿ ಗೆದ್ದನು. ಕಳೆದುಹೋದ ಅಂಗವನ್ನು ಕಟ್ಟುವ ಇಂದಿನ ಶಾಸ್ತ್ರದ ಬೇರು ಹೀಗೆ ನಮ್ಮ ನೆಲದಲ್ಲಿದೆ.

ಮೂಗು ಹೋದವನು ಮುಖ ಮುಚ್ಚಿಕೊಳ್ಳಲಾರ. ಆದುದರಿಂದ ಮೂಗಿನ ವಿದ್ಯೆ ಬೇಗ ಬೆಳೆಯಿತು. ಮರ್ಮಾಂಗದ ಗಾಯವನ್ನು ಪಂಚೆ ಮುಚ್ಚುತ್ತದೆ. ಆದುದರಿಂದ ಅದರ ವಿದ್ಯೆ ತಡವಾಗಿ ಬೆಳೆಯಿತೆಂದು ನಮಗೆ ತೋರುತ್ತದೆ. ಆದರೆ ಕಾನೂನು ಇದನ್ನು ಮರೆತಿರಲಿಲ್ಲ. ೧೮೬೦ರ ದಂಡಸಂಹಿತೆಯ ೩೨೦ನೆಯ ಕಲಮಿನಲ್ಲಿ 'ಘೋರ ಗಾಯ'ಗಳನ್ನು ಎಣಿಸುವಾಗ ಮೊಟ್ಟಮೊದಲು ಎಣಿಸಿದ್ದು ಪುಂಸ್ತ್ವಹಾನಿಯನ್ನು; ಕಣ್ಣು ಕಿವಿಗಳೆಲ್ಲ ಆಮೇಲೆ. ಅದರ ಬದಲಿಗೆ ಬಂದ ೨೦೨೩ರ ನ್ಯಾಯ ಸಂಹಿತೆಯೂ ಆ ಸಾಲನ್ನು ಮೊದಲಿಗೇ ಇಟ್ಟಿದೆ. ಆದರೆ ಕೂಲಿಕಾರರ ಪರಿಹಾರಕ್ಕಾಗಿ ೧೯೨೩ರಲ್ಲಿ ಮಾಡಿದ ಕಾಯ್ದೆಯ ಪಟ್ಟಿಯಲ್ಲಿ ಬೆರಳಿನ ಒಂದು ಗೆಣ್ಣಿಗೂ ಶೇಕಡಾ ಇಷ್ಟೆಂದು ಲೆಕ್ಕವಿತ್ತು. ಈ ಅಂಗದ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ದುಡಿಯುವ ಶಕ್ತಿ ಎಷ್ಟು ಕುಂದಿತೆಂದು ವೈದ್ಯರು ಬರೆದುಕೊಡಬೇಕಾಗಿತ್ತು. ಅಂತಹ ಕಡೆ ಗುಮಾಸ್ತನು ಮೊದಲು ಬರೆದ ಒಂದು ಸಾಲು ಎಷ್ಟು ತೂಗುತ್ತದೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಇನ್ನು ಚಿಕಿತ್ಸೆಯ ಮಾತು. ನಮ್ಮ ಹಳ್ಳಿಯವರಿಗೆ ಮಾವಿನ ಕಸಿ ಗೊತ್ತು. ಚರ್ಮದ ಕಸಿಯೂ ಹಾಗೆಯೇ. ತೊಡೆಯಿಂದ ಕಾಗದದಂತೆ ತೆಳ್ಳಗೆ ಚರ್ಮವನ್ನು ಸವರಿ ತೆಗೆದು, ಶುದ್ಧವಾದ ಗಾಯದ ಮೇಲೆ ಹಾಸುತ್ತಾರೆ. ಮೊದಲ ಒಂದೆರಡು ದಿನ ಅದು ಕೆಳಗಿನ ತೇವವನ್ನೇ ಹೀರಿ ಬದುಕುತ್ತದೆ. ಬಳಿಕ ಕೆಳಗಿನಿಂದ ಸಣ್ಣ ರಕ್ತನಾಳಗಳು ಚಿಗುರಿ ಅದನ್ನು ಹಿಡಿದುಕೊಳ್ಳುತ್ತವೆ. ತೊಡೆಯಲ್ಲಿ ತೆಗೆದ ಜಾಗ ತಾನಾಗಿ ಮಾಯುತ್ತದೆ. ಯಂತ್ರಕ್ಕೆ ಸಿಕ್ಕಿ ಚರ್ಮ ಸುಲಿದ ಶಿಶ್ನಕ್ಕೆ ಈ ಕಸಿಯೇ ಮುಖ್ಯ ಉಪಾಯ. ವೃಷಣದ ಚೀಲಕ್ಕೆ ದೇವರು ಇನ್ನೊಂದು ಅನುಕೂಲ ಕೊಟ್ಟಿದ್ದಾನೆ. ಅದರ ಚರ್ಮ ರಬ್ಬರಿನಂತೆ ಹಿಗ್ಗುವುದರಿಂದ ಅರ್ಧದಷ್ಟು ಹೋದರೂ ಉಳಿದುದನ್ನೇ ಎಳೆದು ಹೊಲಿಯಬಹುದು. ಪೂರ್ತಿ ಹೋದರೆ ವೃಷಣಗಳನ್ನು ತೊಡೆಯ ಚರ್ಮದ ಅಡಿಯಲ್ಲಿ ಜೇಬು ಮಾಡಿ ಇರಿಸುತ್ತಾರೆ. ಗಾಯ ಹದಕ್ಕೆ ಬಂದ ಮೇಲೆ ಕಸಿಯಿಂದ ಹೊಸ ಚೀಲ ಮಾಡುತ್ತಾರೆ. ಪೆಟ್ಟಿನಿಂದ ವೃಷಣ ಒಡೆದಿದ್ದರೂ ಬೇಗ ತೆರೆದು ಹೊಲಿದರೆ ಉಳಿಯುವ ಸಂಭವ ಹೆಚ್ಚು. ದಿನ ಕಳೆದಂತೆ ಅದು ಕಡಿಮೆಯಾಗುತ್ತ ಹೋಗುತ್ತದೆ.

ಮತ್ತೊಂದು ಗಾಯ ಹೊರಗೆ ಕಾಣದು. ಮರದಿಂದ ಬಿದ್ದೋ, ಲಾರಿಗೆ ಸಿಕ್ಕಿಯೋ ಸೊಂಟದ ಎಲುಬು ಮುರಿದಾಗ ಒಳಗಿನ ಮೂತ್ರನಾಳ ತುಂಡಾಗುತ್ತದೆ. ಮೂತ್ರದ್ವಾರದಲ್ಲಿ ರಕ್ತ ಕಂಡರೆ ಇದೇ ಗುರುತು. ಆಗ ಕೈಗೆ ಸಿಕ್ಕ ಕೊಳವೆಯನ್ನು ಬಲವಂತವಾಗಿ ತೂರಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ತಿಳಿದ ವೈದ್ಯರು ಕಿಬ್ಬೊಟ್ಟೆಯಿಂದಲೇ ಮೂತ್ರ ಹೋಗಲು ದಾರಿ ಮಾಡಿ, ಕೆಲವು ತಿಂಗಳು ಕಾದು, ಆಮೇಲೆ ತುಂಡಾದ ನಾಳದ ಎರಡು ತುದಿಗಳನ್ನು ಜೋಡಿಸುವುದುಂಟು. ನಾಳ ಉದ್ದಕ್ಕೂ ಕಿರಿದಾಗಿದ್ದರೆ ಕೆನ್ನೆಯ ಒಳಗಿನ ತೊಗಲನ್ನು ತೆಗೆದು ಅದಕ್ಕೆ ತೇಪೆ ಹಾಕುತ್ತಾರೆ. ಬಾಯಿಯ ತೊಗಲು ಸದಾ ತೇವದಲ್ಲಿರುವುದರಿಂದ ಮೂತ್ರನಾಳಕ್ಕೆ ಚೆನ್ನಾಗಿ ಹೊಂದುತ್ತದೆ. ಇಂಗ್ಲೆಂಡಿನ ಹಂಬಿ ಎಂಬುವರು ೧೯೪೧ರಲ್ಲಿಯೇ ಇದನ್ನು ಮಾಡಿ ತೋರಿಸಿದ್ದರು. ಬಹುಕಾಲ ಮರೆತಿದ್ದು ೧೯೯೦ರ ದಶಕದಲ್ಲಿ ಮತ್ತೆ ಬಳಕೆಗೆ ಬಂದಿತು. ನಮ್ಮ ನೆರೆಯ ಪುಣೆಯ ಡಾಕ್ಟರ್ ಸಂಜಯ ಕುಲಕರ್ಣಿಯವರು ಈ ಕೆಲಸದಲ್ಲಿ ಒಂದು ಹೊಸ ಕ್ರಮವನ್ನು ರೂಢಿಸಿದ್ದಾರೆ. ಅದು ಅವರ ಹೆಸರಿನಿಂದಲೇ ಬೇರೆ ದೇಶಗಳಲ್ಲಿಯೂ ಪ್ರಸಿದ್ಧವಾಗಿದೆ.

ಅಂಗವೇ ತುಂಡಾದರೆ? ಇದಕ್ಕೂ ಉಪಾಯವುಂಟು. ಕೂದಲಿಗಿಂತ ತೆಳುವಾದ ದಾರದಿಂದ, ಸೂಕ್ಷ್ಮದರ್ಶಕದ ಕೆಳಗೆ, ಒಂದೆರಡು ಮಿಲ್ಲಿಮೀಟರಿನ ರಕ್ತನಾಳಗಳನ್ನೂ ನರಗಳನ್ನೂ ಹೊಲಿಯುವ ವಿದ್ಯೆ ೧೯೭೦ರ ದಶಕದಲ್ಲಿ ಈ ಅಂಗಕ್ಕೂ ಬಂದಿತು. ಅದೇ ದಶಕದಲ್ಲಿ ಥೈಲೆಂಡಿನಲ್ಲಿ, ಪರಸ್ತ್ರೀಯರ ಹಿಂದೆ ಹೋದ ಗಂಡಂದಿರಿಗೆ ಹೆಂಡತಿಯರು ಮಾಡಿದ ಶಿಕ್ಷೆಯಾಗಿ, ಇಂತಹ ಪ್ರಸಂಗಗಳು ಒಂದರ ಮೇಲೊಂದು ನಡೆದವು. ಅಲ್ಲಿನ ಶಸ್ತ್ರವೈದ್ಯರು ೧೮ ಮಂದಿಗೆ ಮರಳಿ ಜೋಡಿಸಿದ ಅನುಭವವನ್ನು ೧೯೮೩ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನಗುವ ವಿಷಯವೆಂದು ಲೋಕ ನಕ್ಕಿತು. ವೈದ್ಯರು ಮಾತ್ರ ನಗದೆ ಕಲಿತರು.

ಇಲ್ಲಿ ತಾವೆಲ್ಲರೂ ನೆನಪಿಡಬೇಕಾದ ಮಾತೊಂದಿದೆ. ಇದು ಬೆರಳಿಗೂ ಸಲ್ಲುವ ಮಾತು. ತುಂಡಾದ ಭಾಗವನ್ನು ಎಸೆಯಬಾರದು. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಬೇಕು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನ ಪಾತ್ರೆಯಲ್ಲಿ ಇಡಬೇಕು. ಮಂಜುಗಡ್ಡೆ ನೇರವಾಗಿ ತಗುಲಿದರೆ ಮಾಂಸ ಸತ್ತುಹೋಗುತ್ತದೆ. ಗಾಯದ ಮೇಲೆ ಬಟ್ಟೆಯಿಟ್ಟು ಒತ್ತಿ ಹಿಡಿದು ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ತಂಪಿನಲ್ಲಿಡದಿದ್ದರೆ ಆರು ಗಂಟೆಯ ಮೇಲೆ ಆಸೆ ಬಹಳ ಕಡಿಮೆ. ತಂಪಿನಲ್ಲಿದ್ದರೆ ಇನ್ನಷ್ಟು ಅವಕಾಶವುಂಟು. ಹುಡುಗರಿಗೆ ಪೆಟ್ಟೇ ಇಲ್ಲದೆ ವೃಷಣದಲ್ಲಿ ಇದ್ದಕ್ಕಿದ್ದಂತೆ ಸಹಿಸಲಾರದ ನೋವು ಬಂದರೂ ಇದೇ ಆರು ಗಂಟೆಯ ಲೆಕ್ಕ. ಒಳಗೆ ನಾಳ ತಿರುಚಿಕೊಂಡಿರಬಹುದು. ಬೇಗ ಬಿಡಿಸಿದರೆ ಅಂಗ ಉಳಿಯುತ್ತದೆ. ತಾಯಿಗೆ ಹೇಳಲು ನಾಚಿ ಹುಡುಗ ರಾತ್ರಿಯೆಲ್ಲ ಮುಲುಗಿದರೆ ಬೆಳಗಾಗುವಷ್ಟರಲ್ಲಿ ಅದು ಹೋಗಿರುತ್ತದೆ. ಇಲ್ಲಿ ಬಂದಿರುವ ತಾಯಂದಿರು ಮಕ್ಕಳಿಗೆ ಇಷ್ಟನ್ನಾದರೂ ತಿಳಿಸಿ ಹೇಳಬೇಕೆಂದು ನಮ್ಮ ಪ್ರಾರ್ಥನೆ.

ತುಂಡಾದುದು ಸಿಗಲೇ ಇಲ್ಲ, ಅಥವಾ ವ್ರಣದಿಂದ, ಕ್ಯಾನ್ಸರಿನಿಂದ ಅಂಗವೇ ಹೋಯಿತು. ಆಗ ಹೊಸದನ್ನು ಕಟ್ಟಬೇಕು. ರಷ್ಯದ ಬೊಗೊರಾಜ್ ಎಂಬುವರು ಹೊಟ್ಟೆಯ ಚರ್ಮವನ್ನು ಕೊಳವೆಯಂತೆ ಸುರುಳಿ ಸುತ್ತಿ ಮಾಡಿದುದನ್ನು ೧೯೩೬ರಲ್ಲಿ ಪ್ರಕಟಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮುಖಗಳನ್ನು ಕಟ್ಟಿ ಹೆಸರಾದ ಇಂಗ್ಲೆಂಡಿನ ಗಿಲ್ಲೀಸ್ ಅವರೂ ಈ ಮಾರ್ಗದಲ್ಲಿ ನಡೆದರು. ಆ ಕ್ರಮದಲ್ಲಿ ಒಂದರ ಮೇಲೊಂದು ಹಲವು ಶಸ್ತ್ರಕ್ರಿಯೆಗಳು, ತಿಂಗಳುಗಟ್ಟಲೆ ಕಾಲ. ಆದರೂ ಸ್ಪರ್ಶಜ್ಞಾನ ಬರುತ್ತಿರಲಿಲ್ಲ. ೧೯೮೪ರಲ್ಲಿ ಚೀನದ ಚಾಂಗ್ ಮತ್ತು ಹ್ವಾಂಗ್ ಎಂಬ ವೈದ್ಯರು ಮುಂಗೈಯ ಚರ್ಮವನ್ನು ಅದರ ರಕ್ತನಾಳ ನರಗಳೊಡನೆ ಬಿಡಿಸಿ, ಕೊಳವೆಯೊಳಗೆ ಕೊಳವೆಯಂತೆ ಮಡಿಸಿ, ಕೆಳಗೆ ತಂದು ಹೊಲಿದರು. ಒಳಗಿನ ಕೊಳವೆ ಮೂತ್ರಕ್ಕೆ. ಹೊರಗಿನದು ಹೊರ ಮೈ. ನರವನ್ನೂ ಜೋಡಿಸುವುದರಿಂದ ನಿಧಾನವಾಗಿ ಸ್ಪರ್ಶ ಬರುತ್ತದೆ. ನರ ದಿನಕ್ಕೆ ಸುಮಾರು ಒಂದು ಮಿಲ್ಲಿಮೀಟರಿನಂತೆ ಬೆಳೆಯುವುದರಿಂದ ತಿಂಗಳುಗಳೇ ಹಿಡಿಯುತ್ತವೆ. ಕಾಶಿಯ ಸುಶ್ರುತ ತೊಟ್ಟು ಬಿಡದೆ ಚರ್ಮ ತಿರುಗಿಸಿದನು. ಇವರು ತೊಟ್ಟನ್ನೇ ಕತ್ತರಿಸಿ ಬೇರೆ ಕಡೆ ನೆಟ್ಟರು. ತೊಟ್ಟಿಲ್ಲದೆ ಬದುಕಿಲ್ಲವೆಂಬ ಸೂತ್ರ ಮಾತ್ರ ಅಂದೂ ಇಂದೂ ಒಂದೇ.

ಕೊನೆಯದು, ಸತ್ತವರ ಅಂಗವನ್ನು ಬದುಕಿದವರಿಗೆ ಜೋಡಿಸುವುದು. ೨೦೦೬ರಲ್ಲಿ ಚೀನದ ಗ್ವಾಂಗ್‌ಝೌ ನಗರದಲ್ಲಿ ಮೊದಲ ಪ್ರಯತ್ನ ನಡೆಯಿತು. ರಕ್ತ ಹರಿಯಿತು, ಮೂತ್ರವೂ ಹೋಯಿತು. ಆದರೆ ಎರಡೇ ವಾರಗಳಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ರೋಗಿಯ ಮತ್ತು ಅವನ ಹೆಂಡತಿಯ ಮನಸ್ಸು ಅದನ್ನು ಒಪ್ಪಲಿಲ್ಲವಂತೆ. ದೇಹ ಒಪ್ಪಿದರೂ ಮನಸ್ಸು ಒಪ್ಪಬೇಕೆಂಬ ಪಾಠವನ್ನು ಇದು ಕಲಿಸಿತು. ೨೦೧೪ರ ಡಿಸೆಂಬರ್ ೧೧ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಟೈಗರ್‌ಬರ್ಗ್ ಆಸ್ಪತ್ರೆಯಲ್ಲಿ ಡಾಕ್ಟರ್ ಆಂದ್ರೆ ವಾನ್ ಡರ್ ಮರ್ವೆ ಮತ್ತು ಸಂಗಡಿಗರು ಒಂಬತ್ತು ಗಂಟೆ ದುಡಿದು, ಹಳ್ಳಿಯ ಮುಂಜಿ ಸಂಸ್ಕಾರದ ಗಾಯ ಕೆಟ್ಟು ಅಂಗ ಕಳೆದುಕೊಂಡಿದ್ದ ೨೧ ವರ್ಷದ ಯುವಕನಿಗೆ ಜೋಡಿಸಿದರು. ನೆಲೆನಿಂತು ಫಲ ಕೊಟ್ಟ ಮೊದಲನೆಯದು ಇದೇ. ೨೦೧೬ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕ್ಯಾನ್ಸರಿನಿಂದ ಅಂಗ ಹೋದವನೊಬ್ಬನಿಗೆ ಮಾಡಿದರು. ೨೦೧೮ರ ಮಾರ್ಚಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹನ್ನೊಂದು ಮಂದಿ ಶಸ್ತ್ರವೈದ್ಯರು ೧೪ ಗಂಟೆ ಶ್ರಮಿಸಿ, ಆಫ್ಘಾನಿಸ್ಥಾನದಲ್ಲಿ ಸಿಡಿಮದ್ದಿಗೆ ಸಿಕ್ಕಿದ್ದ ಸೈನಿಕನಿಗೆ ಶಿಶ್ನ, ವೃಷಣದ ಚೀಲ, ಹೊಟ್ಟೆಯ ಗೋಡೆಯ ಒಂದು ಭಾಗ ಇಷ್ಟನ್ನೂ ಒಟ್ಟಿಗೆ ಜೋಡಿಸಿದರು. ೨೦೦೧ರಿಂದ ೨೦೧೩ರವರೆಗೆ ಇರಾಕ್, ಆಫ್ಘಾನಿಸ್ಥಾನಗಳ ಯುದ್ಧದಲ್ಲಿ ೧,೩೬೭ ಮಂದಿ ಅಮೆರಿಕದ ಸೈನಿಕರಿಗೆ ಮೂತ್ರಾಂಗ, ಜನನಾಂಗಗಳ ಗಾಯಗಳಾಗಿದ್ದವೆಂದರೆ ಆ ಸರ್ಕಾರ ಇದರತ್ತ ಏಕೆ ತಿರುಗಿತೆಂಬುದು ತಿಳಿಯುತ್ತದೆ.

ಆ ಸೈನಿಕನಿಗೆ ವೃಷಣಗಳನ್ನು ಮಾತ್ರ ಜೋಡಿಸಲಿಲ್ಲ. ಜೋಡಿಸಿದ್ದರೆ ಮುಂದೆ ಹುಟ್ಟುವ ಮಕ್ಕಳು ಸತ್ತವನ ಬೀಜದಿಂದ ಹುಟ್ಟಿದವರಾಗುತ್ತಿದ್ದರು. ಅದಕ್ಕೆ ಸತ್ತವನ ಒಪ್ಪಿಗೆಯನ್ನು ಯಾರು ಕೊಡಬೇಕು? ಇದು ಧರ್ಮಸೂಕ್ಷ್ಮ. ಪರರ ಅಂಗವನ್ನು ದೇಹ ತಳ್ಳಿಹಾಕದಂತೆ ಬದುಕಿರುವವರೆಗೂ ಔಷಧ ತೆಗೆದುಕೊಳ್ಳಬೇಕು. ಆ ಔಷಧ ರೋಗ ತಡೆಯುವ ಶಕ್ತಿಯನ್ನು ಕುಂದಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಹೃದಯವಾದರೆ ಪ್ರಾಣಕ್ಕಾಗಿ ಸಹಿಸಬಹುದು. ಪ್ರಾಣ ಹೋಗದ ಗಾಯಕ್ಕೆ ಇಷ್ಟು ಬೆಲೆ ತೆರಬೇಕೆ? ಹೊರಗೆ ನಿಂತ ನಾವು ಬೇಡವೆನ್ನುತ್ತೇವೆ. ಬದುಕಿದ್ದೂ ಮನೆಯಲ್ಲಿ ತಲೆ ಎತ್ತಲಾರದವನನ್ನು ಕೇಳಿದರೆ ಉತ್ತರ ಬೇರೆಯಾಗಬಹುದು.

ಈಗ ನಮ್ಮ ಕೂಲಿಯ ಕಥೆಗೆ ಬರುತ್ತೇವೆ. ಅವನಿಗೆ ಇಂತಹ ಅದ್ಭುತಗಳೇನೂ ಬೇಕಾಗಿರಲಿಲ್ಲ. ಮೊದಲ ದಿನವೇ ಹೋಗಿದ್ದರೆ ಉಳಿದ ಚರ್ಮವನ್ನೇ ಹೊಲಿದು ಮುಗಿಸಬಹುದಾಗಿತ್ತೆಂದು ವೈದ್ಯರು ಹೇಳಿದರು. ಮೂರು ದಿನ ತಡವಾದುದರಿಂದ ಸತ್ತ ಚರ್ಮವನ್ನೆಲ್ಲ ಕತ್ತರಿಸಿ ತೆಗೆದು, ವೃಷಣಗಳನ್ನು ತೊಡೆಯಲ್ಲಿ ಇರಿಸಿ, ಆಮೇಲೆ ಕಸಿ ಮಾಡಬೇಕಾಯಿತು. ಎರಡು ವಾರದ ಕೆಲಸ ನಾಲ್ಕು ತಿಂಗಳಾಯಿತು. ಕೂಲಿ ಹೋಯಿತು, ಹೆಂಡತಿಯ ಬಳೆ ಹೋದವು. ಪರಿಹಾರ ಕೇಳಹೋದಾಗ ಯಜಮಾನರು ನಮ್ಮ ಕೈಬರಹವನ್ನೇ ತೆಗೆದು ತೋರಿಸಿದರು: 'ತೊಡೆಗೆ ಅಲ್ಪ ಪೆಟ್ಟು.' ಆ ಅಕ್ಷರಗಳನ್ನು ನೋಡಿದಾಗ ನಮಗಾದ ನೋವನ್ನು ಹೇಳಲಾರೆವು. ಆತ ನಮ್ಮನ್ನು ಬಯ್ಯಲಿಲ್ಲ. 'ನಾನೇ ಅಲ್ಲವೇ ಬರೆಯಿರಿ ಅಂದದ್ದು' ಎಂದನು. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ನಾವು ನಡೆದುದನ್ನು ನಡೆದಂತೆ ಬೇರೆ ಕಾಗದದಲ್ಲಿ ಬರೆದು, ಮೊದಲು ಬರೆದುದು ಸುಳ್ಳೆಂದು ಒಪ್ಪಿಕೊಂಡು, ಸಹಿ ಮಾಡಿ ಕೊಟ್ಟೆವು. ಯಜಮಾನರಿಗೆ ಕೋಪ ಬಂದಿತು. ನಮಗೆ ಆ ಕೆಲಸ ತಪ್ಪಿತು. ಆಮೇಲೆ ಬೇರೆ ಗಿರಣಿ ಸೇರಿದೆವು. ಆತನಿಗೆ ಸಲ್ಲಬೇಕಾದುದರಲ್ಲಿ ಅರ್ಧದಷ್ಟು ರಾಜಿಯಲ್ಲಿ ಬಂದಿತು. ಉಳಿದರ್ಧ ನಮ್ಮ ಲೆಕ್ಕದ ಸಾಲವೆಂದು ತಿಳಿದಿದ್ದೇವೆ. ಹೆಸರು ಹೇಳದೆ ಈ ಸಂಗತಿಯನ್ನು ನಾಲ್ವರ ಮುಂದೆ ಹೇಳಲು ಆತನೇ ಒಪ್ಪಿಗೆ ಕೊಟ್ಟಿದ್ದಾನೆ. 'ಇನ್ನೊಬ್ಬ ಮೂರು ದಿನ ಮಲಗದಿರಲಿ' ಎಂಬುದು ಅವನ ಮಾತು.

ಶಾಫ್ಟಿಗೆ ಬೇಲಿ ಕಟ್ಟಬೇಕೆಂದೂ, ಓಡುವ ಯಂತ್ರದ ಬಳಿ ಕೆಲಸಮಾಡುವವನಿಗೆ ಮೈಗೆ ಬಿಗಿಯಾದ ಉಡುಪನ್ನು ಯಜಮಾನನೇ ಕೊಡಬೇಕೆಂದೂ ೧೯೪೮ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಒಂದು ಚಡ್ಡಿ, ನಾಲ್ಕು ಅಡಿ ತಂತಿಬಲೆ. ಇಷ್ಟರಿಂದ ತಪ್ಪುವ ಗಾಯಕ್ಕೆ ಸೂಕ್ಷ್ಮದರ್ಶಕ ಹಿಡಿದು ಹನ್ನೊಂದು ಮಂದಿ ದುಡಿಯಬೇಕಾದೀತು. ನಮ್ಮ ಬಂಧುಗಳಲ್ಲಿ ಹಿಟ್ಟಿನ ಗಿರಣಿ, ಮಗ್ಗ, ಮೇವು ಕತ್ತರಿಸುವ ಯಂತ್ರ ಇಟ್ಟುಕೊಂಡವರು ಇಂದೇ ಮನೆಗೆ ಹೋಗಿ ಬೆಲ್ಟಿನ ಕಡೆ ಒಮ್ಮೆ ನೋಡಬೇಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಶರೀರದ ಒಳರಚನೆಯನ್ನು ತಿಳಿಯಬೇಕೆನ್ನುವವನು ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಪದರ ಪದರವಾಗಿ ಬಿಡಿಸಿ ನೋಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಸತ್ತವರಿಂದ ಬದುಕಿರುವವರು ಕಲಿಯುವುದಕ್ಕೆ ಅಂದು ಮಡಿ ಮೈಲಿಗೆ ಅಡ್ಡಬರಲಿಲ್ಲ. ನಮ್ಮ ದೇಶದಲ್ಲಿ ಸತ್ತವರ ಅಂಗಗಳನ್ನು ಬಂಧುಗಳ ಒಪ್ಪಿಗೆಯಿಂದ ಪಡೆಯಲು ೧೯೯೪ರಲ್ಲಿಯೇ ಕಾಯ್ದೆಯಾಗಿದೆ. ೨೦೧೫ರ ಜನವರಿಯಲ್ಲಿ ಕೊಚ್ಚಿಯ ಅಮೃತ ಆಸ್ಪತ್ರೆಯಲ್ಲಿ ಎರಡು ಕೈಗಳನ್ನು ಕಳೆದುಕೊಂಡಿದ್ದ ಯುವಕನಿಗೆ ಸತ್ತವರೊಬ್ಬರ ಕೈಗಳನ್ನು ಜೋಡಿಸಿದರು. ದಿನವೂ ಈ ಘಾಟಿನ ಉರಿಯನ್ನು ನೋಡುವ ನಾವು ಯೋಚಿಸಬೇಕಾದ ವಿಷಯವಿದು.

ಅದು ದೊಡ್ಡ ಮಾತಾಯಿತು. ಸಣ್ಣ ಮಾತು ಇಷ್ಟೇ: ಗಾಯಕ್ಕೆ ನಾಚಿಕೆಯಿಲ್ಲ. ನಾಚಿಕೆ ನಮ್ಮದು. ಯಾರಾದರೂ ಬಂದು ತಗ್ಗಿದ ದನಿಯಲ್ಲಿ 'ತೊಡೆಗೆ' ಎಂದರೆ, ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಕೇಳಿರಿ. ಕೇಳಿ, ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಬರೆಯುವ ಕೆಲಸ ತಮ್ಮದಾಗಿದ್ದರೆ ಇದ್ದುದನ್ನು ಇದ್ದಂತೆ ಬರೆಯಿರಿ.